ಕರಿಮಾರಿ ದನದ ಕೆಂಪು ಮಚ್ಚೆ

ನನ್ನ ಮದುವೆಯಲ್ಲಿ ಮಂದಿ ಕಣ್ತುಂಬ ನೋಡಿದ್ದು ನನ್ನನ್ನಲ್ಲ, ನನ್ನ ಹಿಂದೆ ಬಂದ ಮಣಕವನ್ನು. ಇನ್ನೂ ಕರು ಹಾಕದ, ಮೈ ತುಂಬಿಕೊಂಡ ಎಳೆಯ ಆಕಳಿಗೆ ನಮ್ಮ ಕಡೆ ಮಣಕ ಅನ್ನುತ್ತಾರೆ. ಎಕಂಬಾದಿಂದ ಹಲಬರ್ಗಾಕ್ಕೆ ನನ್ನನ್ನು ಬಂಡಿಯಲ್ಲಿ ಕೂರಿಸಿ ಕಳಿಸಿದರು, ಮಣಕವನ್ನು ಬಂಡಿಯ ಹಿಂದೆ ಕಟ್ಟಿದರು. ಹಲಬರ್ಗಾದ ಮನೆಯ ಹೊಸ್ತಿಲಲ್ಲಿ ಅತ್ತೆ ಆರತಿ ಹಿಡಿದು ನಿಂತಿದ್ದರು. ತಟ್ಟೆ ನನ್ನ ಮುಖದ ಮುಂದಿತ್ತು, ಅವರ ಕಣ್ಣು ಮಾತ್ರ ನನ್ನ ಹೆಗಲು ದಾಟಿ ಅಂಗಳದಾಚೆ ಹೋಗಿತ್ತು. ನನ್ನ ಆರತಿ ಬೇಗ ಮುಗಿಯಿತು. ಮಣಕದ ಆರತಿ ಬಹಳ ಹೊತ್ತು ನಡೆಯಿತು, ಅದರ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ಬಾಯಿಗೆ ಬೆಲ್ಲ ಇಟ್ಟರು. ನನ್ನ ಬಾಯಿಗೆ ಬೆಲ್ಲ ಇಡುವುದನ್ನು ಮರೆತೇಬಿಟ್ಟಿದ್ದರು.

ಆ ವಾರವೇ ನಮ್ಮವರನ್ನು ಕೇಳಿದೆ. "ನನ್ನ ಸಲುವಾಗಿ ಮಣಕ ಬಂತೋ, ಮಣಕದ ಸಲುವಾಗಿ ನಾ ಬಂದೀನೋ?"

ನಮ್ಮವರು ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಸ್ವಲ್ಪ ಯೋಚಿಸಿ, "ಎರಡೂ ಖರೇನ ಅದ" ಅಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ನನ್ನ ಸಿಟ್ಟು ಎಂಥದು ಅನ್ನುವುದು ಹಲಬರ್ಗಾಕ್ಕೆ ಗೊತ್ತಾದದ್ದು ಆಗಲೇ.

ಹಲಬರ್ಗಾ ನನಗೆ ಹೊಸ ಊರಲ್ಲ. ಅದು ನನ್ನ ಅವ್ವನ ತವರು. ಮನೆಯ ಹಿರಿಯ ಅಂದರೆ ಅವ್ವನ ಅಪ್ಪ, ನನ್ನ ಅಜ್ಜ. ಅವನ ಒಬ್ಬನೇ ಮಗ, ನನ್ನ ಸೋದರಮಾವ, ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವನ ಹೆಂಡತಿಯೇ ನನ್ನ ಅತ್ತೆ, ಅವರ ಮಗನೇ ನಮ್ಮವರು. ಮನೆಯಲ್ಲಿ ಈ ಮೂವರ ಜೊತೆ ನಾನು ನಾಲ್ಕನೆಯವಳಾದೆ, ಮಣಕ ಐದನೆಯದು.

ಆ ಮನೆಗೆ ಸುತ್ತಲ ಊರಲ್ಲೆಲ್ಲ ಕರಿಮಾರಿ ದನದ ಮನೆ ಎಂದು ಹೆಸರಿತ್ತು. ಮಾರಿ ಅಂದರೆ ನಮ್ಮ ಕಡೆ ಮುಖ. ಹಾಲಿನಂಥ ಬಿಳಿ ಮೈ, ಎರಡೂ ಕೆನ್ನೆ ಕಪ್ಪು, ನಡುವೆ ಉಬ್ಬಿದ ಹಣೆ ಮತ್ತೆ ಬಿಳಿ, ಜೋತುಬಿದ್ದ ಕಿವಿ. ಅಜ್ಜನ ಅಜ್ಜನ ಕಾಲದಿಂದ ಆ ನಸಲು, ಅಂದರೆ ತಳಿ, ನಡೆದು ಬಂದಿತ್ತಂತೆ. ಹೋರಿಗರು ಹೆಚ್ಚಾದರೆ ಮಾರುತ್ತಿದ್ದರು, ಹೆಣ್ಣುಗರು ಮಾತ್ರ ಯಾವ ಬೆಲೆಗೂ ಮಾರುತ್ತಿರಲಿಲ್ಲ. ಹೆಣ್ಣುಗರು ಆ ಮನೆಯ ಹೊಸ್ತಿಲು ದಾಟುತ್ತಿದ್ದದ್ದು ಒಂದೇ ರೀತಿ, ಮನೆಯ ಮಗಳ ಹಿಂದೆ ಬಳುವಳಿಯಾಗಿ. ಹಾಗೆ ಕೊಟ್ಟದ್ದು ಮತ್ತೆ ತವರಿಗೆ ಬರಬಾರದು. ಕೊಟ್ಟ ಬಳುವಳಿಯನ್ನು ತಿರುಗಿ ತಂದರೆ ಮಗಳನ್ನೇ ತಿರುಗಿ ಕರೆತಂದಂತೆ ಎಂದು ಎಲ್ಲರೂ ಹೆದರುತ್ತಿದ್ದರು. ನನ್ನ ಅವ್ವನ ಹಿಂದೆಯೂ ಹಾಗೆ ಒಂದು ಆಕಳು ಎಕಂಬಾಕ್ಕೆ ಬಂದಿತ್ತು. ನಾನು ಅದರ ಹಾಲು ಕುಡಿದು ಬೆಳೆದವಳು.

ರಜಾಕಾರರ ಹಾವಳಿಯ ವರ್ಷ ಹಲಬರ್ಗಾದ ಆ ಕೊಟ್ಟಿಗೆ ಬರಿದಾಯಿತು. ಅದನ್ನು ನಾನು ಕಣ್ಣಾರೆ ಕಂಡಿಲ್ಲ, ಅತ್ತೆ ಜೋಳ ಹಸನು ಮಾಡುತ್ತ ಹೇಳಿದ್ದು. ಪಕ್ಕದ ಊರು ಸುಟ್ಟ ಸುದ್ದಿ ಬಂದ ಮೇಲೆ ಇವರೂ ಹದ್ದು ದಾಟಿ ಸೋಲಾಪುರದ ಕಡೆ ಹೋಗುವುದೆಂದಾಯಿತು. ಬಂಡಿ ಕಟ್ಟಿದರೆ ಗಾಲಿಯ ಸದ್ದು ಕೇಳೀತೆಂದು ನಸುಕಿನಲ್ಲಿ ಗಂಟು ಹೊತ್ತು ನಡೆದೇ ಹೊರಟರು. ಕಟ್ಟಿಹಾಕಿ ಹೋದರೆ ದನ ಉಪವಾಸ ಸಾಯುತ್ತವೆ. ಅದಕ್ಕೆ ಅಜ್ಜ ಎಲ್ಲವುಗಳ ಕೊರಳ ಗಂಟೆ ಬಿಚ್ಚಿ, ಹಗ್ಗ ಬಿಚ್ಚಿ, ಹಳ್ಳದ ಕಡೆ ಹೊಡೆದ. ಅವು ಹೋಗಲಿಲ್ಲ. ಅಜ್ಜ ನಡೆದ ಹಾದಿಯಲ್ಲೇ ಹಿಂದೆ ಹಿಂದೆ ಬಂದವು. ಬೈದರೂ ಬಂದವು, ಬಡಿಗೆ ಎತ್ತಿದರೂ ಬಂದವು. ಬೆಳಕು ಹರಿಯುತ್ತಿತ್ತು, ಬಿಳಿ ದನದ ಸಾಲು ದೂರಕ್ಕೆ ಕಾಣುತ್ತದೆ. ಕಡೆಗೆ ಅಜ್ಜ ಕಲ್ಲು ತಗೊಂಡ.

"ಮುದಿ ಆಕಳ ಹಣಿಗಿ ಒಂದು ಕಲ್ಲು ಬಡೀತು" ಎಂದು ಅತ್ತೆ ಹೇಳಿದ್ದರು. "ಅದು ಓಡಲಿಲ್ಲವ್ವಾ ಹುಡುಗಿ. ಸುಮ್ಮ ನಿಂತು ಮಾವೋರ ಮಾರಿ ನೋಡ್ತು. ಆಮ್ಯಾಲ ಬರೋದು ಬಿಡ್ತು."

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಸರಕಾರ ಬಿದ್ದು, ಇವರು ಊರಿಗೆ ಮರಳಿದಾಗ ಒಂದು ದನವೂ ಉಳಿದಿರಲಿಲ್ಲ. ಕೊಯ್ದು ತಿಂದರೆಂದು ಕೆಲವರು ಅಂದರು, ಹೊಡೆದುಕೊಂಡು ಹೋಗಿ ಎಲ್ಲೋ ಮಾರಿದರೆಂದು ಕೆಲವರು. ಹಿಂದಿನ ಓಣಿಯ ಮುಸಲ್ಮಾನ ಪಿಂಜಾರರ ಮನೆಯವರು ಈಗ ಹೆದರಿ ಊರು ಬಿಟ್ಟಿದ್ದರು. ಮೊದಲು ಓಡಿದವರು ಇವರು, ಆಮೇಲೆ ಓಡಿದವರು ಅವರು. ಅವರ ಆಡುಗಳು ಬೀದಿಯಲ್ಲಿ ಒದರುತ್ತ ತಿರುಗುತ್ತಿದ್ದವು. ಅಜ್ಜ ಅತ್ತೆಯನ್ನು ಕರೆದು, "ಅವನ್ನ ನಮ್ಮ ಕೊಟ್ಟಿಗ್ಯಾಗ ಕಟ್ಟವ್ವಾ. ಯಾರೂ ಕಲ್ಲು ಒಗಿಬ್ಯಾಡ್ರಿ" ಅಂದನಂತೆ. ಪಿಂಜಾರರು ತಿರುಗಿ ಬಂದ ಮೇಲೆ ಆಡುಗಳನ್ನು ಒಪ್ಪಿಸಿದ್ದಾಯಿತು, ಅವುಗಳ ಮರಿಗಳ ಸಮೇತ.

ಅಜ್ಜ ಮಾತ್ರ ಆ ಕೊಟ್ಟಿಗೆಯೊಳಗೆ ಕಾಲಿಡಲಿಲ್ಲ. ಕಟ್ಟೆಯ ಮೇಲೆ ಕೊಟ್ಟಿಗೆಗೆ ಬೆನ್ನು ಮಾಡಿ ಕೂರುವುದು ರೂಢಿಯಾಯಿತು. ಹಾಲು, ಮೊಸರು, ಮಜ್ಜಿಗೆ ಎಲ್ಲ ಬಿಟ್ಟ. ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುವುದು, ಹಾಲಿಲ್ಲದ ಕರಿ ಚಹಾ ಕುಡಿಯುವುದು. ವ್ರತವೆಂದೂ ಹೇಳಲಿಲ್ಲ, ಶೋಕವೆಂದೂ ಹೇಳಲಿಲ್ಲ. ಮನೆಗೆ ಬಂದ ಹೊಸದರಲ್ಲಿ ಆ ಕರಿ ಚಹಾ ಅವನ ಮುಂದೆ ಇಟ್ಟು ನಾನು ತಿರುಗಿ ನೋಡದೆ ಒಳಗೆ ಹೋಗಿಬಿಡುತ್ತಿದ್ದೆ.

ಅತ್ತೆಗೆ ಇದ್ದದ್ದು ಒಂದೇ ಹಟ. ಮಾವ ಕಣ್ಣು ಮುಚ್ಚುವುದರೊಳಗೆ ಅವರ ದನ ಅವರ ಮುಂದೆ ನಿಲ್ಲಬೇಕು. ಅವರು ಒಮ್ಮೆ ಕೊಟ್ಟಿಗೆಯೊಳಗೆ ಹೋಗಬೇಕು, ಒಂದು ಬಟ್ಟಲು ಹಾಲು ಕುಡಿಯಬೇಕು. ಸತ್ತುಹೋದ ನಸಲನ್ನು ಎಲ್ಲಿಂದ ತರುವುದು? ಹೆಣ್ಣುಮಕ್ಕಳ ಮನೆಗಳಲ್ಲಿ ಅದರ ರಕ್ತ ಚೂರುಪಾರು ಉಳಿದಿದೆ ಎನ್ನುವುದು ಅವರಿಗೆ ಹೊಳೆಯಿತು. ಆದರೆ ಬಳುವಳಿ ತಿರುಗಿ ತರುವ ಹಾಗಿಲ್ಲ. ಅತ್ತೆ ದಾರಿ ಹುಡುಕಿದರು. ಅವ್ವನಿಗೆ ಕೊಟ್ಟದ್ದು ತವರಿಗೆ ಬರಬಾರದು, ಸರಿ. ಅವ್ವ ತನ್ನ ಮಗಳಿಗೆ ಕೊಟ್ಟರೆ ಅದು ಬೇರೆಯೇ ಬಳುವಳಿ. ಮಗಳು ಹೋದ ಕಡೆ ಹೋಗುತ್ತದೆ. ಆ ಮಗಳು ಹಲಬರ್ಗಾಕ್ಕೇ ಸೊಸೆಯಾಗಿ ಬಂದರೆ ಯಾರೇನು ಅನ್ನಲಿಕ್ಕಾಗುತ್ತದೆ?

ಹೆಣ್ಣು ಕೇಳಲು ಎಕಂಬಾಕ್ಕೆ ಬಂದ ಅತ್ತೆ ಕೈಕಾಲಿಗೆ ನೀರು ತಗೊಂಡು ನೆಟ್ಟಗೆ ಹಿತ್ತಲಿಗೆ ಹೋದರು. ನನ್ನ ಅವ್ವ ಹಿಂದೆಯೇ ಹೋಗಿ, "ವೈನಿ, ಹೆಣ್ಣು ನೋಡ್ಲಿಕ್ಕ ಬಂದೀರೋ, ದನ ನೋಡ್ಲಿಕ್ಕ ಬಂದೀರೋ?" ಎಂದು ಕೇಳಿದಳು. ಅತ್ತೆ ನಾಚಲಿಲ್ಲ. "ಹೆಣ್ಣು ನಂಗ ಮೊದಲೇ ಗೊತ್ತದವಾ. ದನಾನ ನೋಡಿದ್ದಿಲ್ಲ" ಅಂದರು. ಅವ್ವ ನಕ್ಕಳು, ಆಮೇಲೆ ತನ್ನ ಅಪ್ಪನ ಕರಿ ಚಹಾದ ಸುದ್ದಿ ಕೇಳಿ ಅತ್ತಳು. ಮದುವೆ ಗಟ್ಟಿಯಾಯಿತು.

ನನ್ನ ಮಣಕ ಅರ್ಧ ಮಾತ್ರ ಕರಿಮಾರಿಯಾಗಿತ್ತು. ಎಕಂಬಾದಲ್ಲಿ ಸಿಕ್ಕ ಸಿಕ್ಕ ಹೋರಿಗೆ ಕೂಡಿಸಿದ್ದರಿಂದ ಮೈ ಬಿಳಿ ಇದ್ದರೂ ಒಂದು ಕೆನ್ನೆ ಕಪ್ಪು, ಇನ್ನೊಂದು ಬಿಳಿ, ಕಿವಿಯ ಹಿಂದೆ ಅಂಗೈಯಗಲ ಕೆಂಪು ಮಚ್ಚೆ. ಇನ್ನು ಸರಿಯಾದ ಹೋರಿ ಬೇಕು. ಅಷ್ಟರಲ್ಲಿ ಯಾರೋ ಬಂದು, ಬೀದರದ ಗಂಜಿನ ಪೇಟೆಯಲ್ಲಿ ಒಂದು ಕರಿಮಾರಿ ಹೋರಿ ಬಿಡುಬೀಸಾಗಿ ತಿರುಗುತ್ತದೆ ಎಂದು ಅತ್ತೆಯ ಕಿವಿಗೆ ಹಾಕಿದರು. ಅತ್ತೆಗೆ ಖಾತ್ರಿಯಾಗಿಹೋಯಿತು. "ಅದು ನಮ್ಮದೇ. ಮಾವೋರು ಕಲ್ಲು ಒಗದ ಮ್ಯಾಲ ನಡಕೋತ ಬೀದರಕ್ಕ ಹೋಗ್ಯಾದ." ಅಜ್ಜನನ್ನು ಬಂದು ಗುರುತು ಹಿಡಿಯಿರಿ ಎಂದು ಕೇಳಿದರು. ಅವನು ಬರಲಿಲ್ಲ. ಅತ್ತೆ, ನಾನು, ನಮ್ಮವರು, ಮಣಕ ನಾಲ್ವರೂ ಬೀದರಕ್ಕೆ ನಡೆದು, ಕೋಟೆಯ ಕಡೆಗಿದ್ದ ನೆಂಟರ ಮನೆಯಲ್ಲಿ ಮಣಕ ಬೆದೆಗೆ ಬರುವವರೆಗೂ ಠಿಕಾಣಿ ಹೂಡಿದೆವು. ಆ ನೆಂಟರು ಇಂದಿಗೂ ನಮ್ಮನ್ನು ಕಂಡರೆ ಎಷ್ಟು ದಿನ ಇರ್ತೀರಿ ಎಂದು ಮೊದಲು ಕೇಳುತ್ತಾರೆ.

ಗಂಜಿನ ಆ ಹೋರಿಯ ಠೀವಿ ನೋಡಬೇಕಿತ್ತು. ತರಕಾರಿ ಅಂಗಡಿಗಳ ಮುಂದೆ ಒಂದೊಂದಾಗಿ ನಿಲ್ಲುವುದು, ತನ್ನ ಪಾಲು ತಿನ್ನುವುದು, ಟಾಂಗಾಗಳ ಹಾದಿಗೆ ಅಡ್ಡ ಮಲಗುವುದು. ಬಾಳೆಹಣ್ಣಿನ ಸಾಹೇಬರೊಬ್ಬರು ಅದಕ್ಕೆ ದಿನಾ ಹಣ್ಣು ತಿನ್ನಿಸಿ, "ನವಾಬ್ ಸಾಬ್, ರಾಸ್ತಾ ಛೋಡೋ" ಎಂದು ಕೈಮುಗಿದು ಎಬ್ಬಿಸುತ್ತಿದ್ದರು. ಎರಡೂ ಕೆನ್ನೆ ಮಸಿಯ ಹಾಗೆ ಕಪ್ಪು. ಅತ್ತೆ ಅದನ್ನು ಕಂಡದ್ದೇ ಸೆರಗು ಬಾಯಿಗೆ ಹಿಡಿದು ಅತ್ತರು.

ದನ ಕೂಡಿಸುವ ಕಡೆ ಹೆಂಗಸರು ನಿಲ್ಲುವ ಪದ್ಧತಿಯಿಲ್ಲ. ಗಂಜಿನ ಹಿಂದಿನ ಬಯಲಿನಲ್ಲಿ ನಾವಿಬ್ಬರು ಸೆರಗು ಹೊದ್ದು ಗಟ್ಟಿಯಾಗಿ ನಿಂತದ್ದನ್ನು ನೋಡಿ ಮಂದಿ ಸೇರಿತು. ನಮ್ಮವರ ಮುಖ ಮೆಣಸಿನಕಾಯಿ ಆಗಿತ್ತು. ಒಬ್ಬ ಮುದುಕ, "ಯವ್ವಾ, ಇದು ಗಂಡಸರ ಕೆಲಸ. ನೀವು ಮನಿಗಿ ಹೋಗ್ರಿ" ಅಂದ.

"ಹೆರಿಗಿ ಮಾಡಸೋದು ಹೆಂಗಸರು, ಬೀಜ ನೋಡೋದು ಗಂಡಸರಾ?" ಎಂದು ಅತ್ತೆ ಅಲ್ಲೇ ಕೇಳಿದರು. "ಕಣ್ಣು ನಮಗೂ ಅವ ರೀ." ಮುದುಕ ಹೊರಟುಹೋದ. ಅವತ್ತಿನಿಂದ ಅತ್ತೆಯ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಇಳಿಯಿತು.

ಮಣಕ ಈದಾಗ ಹೋರಿಗರು ಹುಟ್ಟಿತು. ಎರಡೂ ಕೆನ್ನೆ ಕಪ್ಪು, ಹಣೆ ಬಿಳಿ, ಕೆಂಪಿನ ಸುಳಿವಿಲ್ಲ. ಅತ್ತೆ ಊರಿಗೆಲ್ಲ ಸಕ್ಕರೆ ಹಂಚಿದರು. ಕರುವನ್ನು ಎತ್ತಿಕೊಂಡು ಕಟ್ಟೆಯ ಮುಂದೆ ನಿಲ್ಲಿಸಿದಾಗ ಅಜ್ಜ ನೋಡಿದ, ಚಂದ ಅದ ಎಂಬಂತೆ ತಲೆಯಾಡಿಸಿದ, ಕರಿ ಚಹಾ ಕುಡಿದ. ಅತ್ತೆ ಸೋಲಲಿಲ್ಲ. ಮುಂದಿನ ಸಲವೂ ಬೀದರಕ್ಕೇ ನಡೆದೆವು, ಈ ಸಲ ಕರಿಮಾರಿ ಹೆಣ್ಣುಗರು ಬಂತು. ನೋಡಿದವರೆಲ್ಲ ಹಲಬರ್ಗಾದ ದನ ತಿರುಗಿ ಬಂದವು ಅಂದರು. ಅಜ್ಜನೊಬ್ಬನೇ ಅನ್ನಲಿಲ್ಲ.

ನಮ್ಮ ಹೊಲದ ಬಾವಿಯಲ್ಲಿ ಆಗ ಮೋಟ ಇತ್ತು, ಅಂದರೆ ದೊಡ್ಡ ತೊಗಲ ಚೀಲವನ್ನು ಎತ್ತುಗಳಿಂದ ಎಳೆಸಿ ನೀರೆತ್ತುವುದು. ಬಾವಿಯಿಂದ ಆಚೆಗೆ ಇಳಿಜಾರು ಇರುತ್ತದೆ. ಹೊಡೆಯುವವನು ಬಿಗಿದ ಹಗ್ಗದ ಮೇಲೆ ಕೂತು ಭಾರ ಕೊಡುತ್ತಾನೆ, ಎತ್ತುಗಳು ಇಳಿದರೆ ಚೀಲ ಮೇಲೆ ಬಂದು ನೀರು ಸುರಿಯುತ್ತದೆ. ಆಮೇಲೆ ಅವು ಹಿಂದೆ ಹಿಂದಕ್ಕೆ ಹೆಜ್ಜೆಯಿಡುತ್ತ ಏರು ಏರಬೇಕು, ಆಗ ಚೀಲ ಮತ್ತೆ ಬಾವಿಗೆ ಇಳಿಯುತ್ತದೆ. ಇಳಿಯುವುದು ಯಾವ ಎತ್ತಾದರೂ ಮಾಡುತ್ತದೆ. ಹಿಂದಕ್ಕೆ ಏರುವುದರಲ್ಲಿದೆ ಕಷ್ಟ. ಮೂಗುದಾರ ಜಗ್ಗಬೇಕು, ಬೈಯಬೇಕು, ಬಾಲ ಹಿಂಡಬೇಕು. ನವಾಬನ ಮಗ ವಯಸ್ಸಿಗೆ ಬಂದ ಮೇಲೆ ನಮ್ಮವರು ಅದನ್ನು ಮೋಟಕ್ಕೆ ಕಟ್ಟಿದರು. ಊರ ಮಂದಿಯೂ ನೋಡಲು ಬಂದಿತ್ತು. ಅಜ್ಜನೂ ಅಷ್ಟು ದೂರದ ಒಡ್ಡಿನ ಮೇಲೆ ಬಂದು ನಿಂತಿದ್ದ. ಹೋರಿ ಇಳಿಜಾರು ಇಳಿಯಿತು, ನೀರು ಸುರಿಯಿತು. ಹಿಂದಕ್ಕೆ ಬಾ ಎಂದರೆ ನಿಂತಲ್ಲೇ ನಿಂತಿತು. ಜಗ್ಗಿದರು. ಅದು ನೆಟ್ಟಗೆ ಕಾಲು ಮಡಚಿ, ಇಳಿಜಾರಿನ ನಡುವೆ, ತನ್ನ ಅಪ್ಪ ಗಂಜಿನಲ್ಲಿ ಮಲಗುತ್ತಿದ್ದ ಹಾಗೇ ಮಲಗಿಬಿಟ್ಟಿತು. ಮಂದಿ ಬಿದ್ದು ಬಿದ್ದು ನಕ್ಕಿತು.

ಅಜ್ಜ ನಗಲಿಲ್ಲ. ಅತ್ತೆಯ ಹತ್ತಿರ ಬಂದು ಮೆತ್ತಗೆ ಅಂದ: "ಮಾರಿ ತಂದೀಯವ್ವಾ. ನಡಿಗಿ ತಂದಿಲ್ಲ. ನಮ್ಮ ದನ ಬರೇ ಮಾರಿಲಿಂದ ನಮ್ಮವು ಆಗಿದ್ದಿಲ್ಲ."

ಅತ್ತೆ ಆ ದಿನ ಒಲೆ ಹಚ್ಚಲಿಲ್ಲ. ಇಷ್ಟು ವರ್ಷ ಕಾದದ್ದು, ಅಷ್ಟು ಹಾದಿ ನಡೆದದ್ದು ಎಲ್ಲ ಯಾವುದೋ ಪರದೇಶಿ ಹೋರಿಗಾಗಿ. ನನಗೂ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಚಹಾ ಒಯ್ದು ಅಜ್ಜನ ಮುಂದೆ ಕುಕ್ಕಿದೆ. "ಇಷ್ಟು ದಿವಸ ಬಾಯಿ ಮುಚ್ಕೊಂಡು ಕೂತಿ. ನಡಿಗಿ ಹ್ಯಾಂಗಿತ್ತು ಅಂತ ಹೇಳಿದ್ರ ಅಲ್ಲೇನು ನಾವು ಹುಡುಕೋದು? ಈಗರೇ ಹೇಳು ಅಜ್ಜಾ."

ಅವನು ಚಹಾ ಪಕ್ಕಕ್ಕೆ ಸರಿಸಿದ. ಆಮೇಲೆ, ಊರಿಗೆ ಮರಳಿದ ಮೇಲೆ ಮೊದಲ ಸಲ, ತನ್ನ ದನದ ಬಗ್ಗೆ ಬಿಡಿಸಿ ಹೇಳಿದ. "ನಮ್ಮವು ಹಿಂದಕ್ಕ ಬರುವಾಗ ಹೇಳೋದು ಬೇಕಾಗ್ತಿದ್ದಿಲ್ಲ ತಂಗಿ. ಹಿಂಗಾಲು ಮೊದಲು ನೆಲಾನ ಕೇಳ್ತಿತ್ತು, ಗೊರಸಿನ ತುದಿಲಿಂದ, ಇಲ್ಲಿ ಊರ್ಲಾ ಅಂತ. ಆಮ್ಯಾಲ ಊರ್ತಿತ್ತು. ನಾ ಹಗ್ಗದ ಮ್ಯಾಲ ಕೂತು ಹಾಡ ಹೇಳಿದ್ರ ಸಾಕು, ಹೊತ್ತು ಮುಳುಗೋತನ ಅವೇ ಇಳೀತಿದ್ವು, ಅವೇ ಏರತಿದ್ವು." ಕೈಯ ಕೋಲಿನಿಂದ ನೆಲದ ಮೇಲೆ ಆ ಹೆಜ್ಜೆಯನ್ನು ತೋರಿಸಿದ. ಮುಟ್ಟಿ ನೋಡುವುದು, ಆಮೇಲೆ ಭಾರ ಬಿಡುವುದು. ಅದು ನನ್ನ ಕಣ್ಣಲ್ಲಿ ಕೂತಿತು.

ಮರು ಪಂಚಮಿಗೆ ತವರಿಗೆ ಹೋಗಿ ಹಲಬರ್ಗಾಕ್ಕೆ ತಿರುಗಿ ಬರುತ್ತಿದ್ದೆ. ಸಂತಪುರದ ಹತ್ತಿರ ನೀರಡಿಸಿ, ಬಂಡಿ ನಿಲ್ಲಿಸಿ, ಒಂದು ಹೊಲದ ಬಾವಿಗೆ ಹೋದೆ. ಕುರಿ ಸಾಕುವ ಮನೆಯವರ ಹೊಲ. ಮೋಟ ನಡೆದಿತ್ತು. ಬೊಗಸೆ ಒಡ್ಡಿ ನೀರು ಕುಡಿಯುತ್ತಿದ್ದವಳು ಹಾಗೇ ನಿಂತೆ. ಹೋರಿಯೊಂದು ಹಿಂದಕ್ಕೆ ಏರಿ ಬರುತ್ತಿತ್ತು. ಹೊಲದ ಯಜಮಾನ ನನ್ನ ಬಂಡಿಯವನ ಜೊತೆ ಹರಟುತ್ತಿದ್ದ, ಹೋರಿಯ ಕಡೆ ಅವನ ಲಕ್ಷ್ಯವೇ ಇರಲಿಲ್ಲ. ಹಿಂಗಾಲಿನ ಗೊರಸು ನೆಲ ಮುಟ್ಟಿತು, ತಡೆಯಿತು, ಊರಿತು. ಮತ್ತೆ ಮುಟ್ಟಿತು, ತಡೆಯಿತು, ಊರಿತು. ನೀರೆಲ್ಲ ನನ್ನ ಕೈಯಿಂದ ಸೋರಿಹೋಗಿತ್ತು.

"ಈ ಹೋರಿ ಎಲ್ಲಿದರಿ?" ಎಂದು ಕೇಳಿದೆ.

"ಇಲ್ಲೇ ಬಾಜೂ ಹೊಲದವರ ಆಕಳದ್ದರಿ. ಅವರ ಮನಿ ಮುದುಕಿ ಹಲಬರ್ಗಾದಾಕಿ, ತೀರಿ ಭಾಳ ದಿವಸ ಆಯ್ತು. ಆಕಿ ಹಿಂದ ಬಂದಿದ್ದ ಆಕಳ ಪೈಕಿ ಇದು."

ಹೆಸರು ಕೇಳಿದೆ, ಆ ಮುದುಕಿ ನನ್ನ ಅಜ್ಜನ ತಂಗಿ. ಅವಳನ್ನು ಕೊಟ್ಟು ಎಷ್ಟೋ ಕಾಲವಾಗಿ, ಅವಳೂ ಹೋಗಿ, ಎರಡು ಮನೆಗಳ ನಡುವೆ ಬರುಹೋಗು ನಿಂತು, ಅವಳ ಹಿಂದೆ ಹೋದ ಆಕಳು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ನಾನು ಕುಣಿದುಬಿಡುವುದೊಂದು ಬಾಕಿ.

ಆದರೆ ಆ ಹೋರಿಯ ರೂಪ ಹೇಳಬಾರದು. ಮುಖ ಪೂರಾ ಬಿಳಿ, ಕಪ್ಪಿನ ಚುಕ್ಕೆಯಿಲ್ಲ. ಕೊರಳೆಲ್ಲ ಕೆಂಪು. ಒಂದು ಕೋಡು ಅರ್ಧಕ್ಕೆ ಮುರಿದಿತ್ತು. ಅತ್ತೆಯನ್ನು ಕರೆತಂದು ತೋರಿಸಿದೆ. ಅವರು ಮೂಗು ಮುರಿದರು.

"ಇದಕ್ಕ ನಮ್ಮ ಆಕಳ ಕೂಡಿಸಬೇಕಾ? ಬಂದದ್ದು ಅರ್ಧ ಕಪ್ಪು, ಅದೂ ಹೋಗ್ತದ. ಮಂದಿ ನಗತಾರ."

"ಮಂದಿ ಆಗಲೇ ನಕ್ಕಾರರಿ ಅತ್ತಿ. ನಮ್ಮ ಚಂದದ ಹೋರಿ ಮಲಗಿದಾಗ."

"ನಾ ಬ್ಯಾಡ ಅಂದ್ರ ಬ್ಯಾಡ."

ಆಗ ನಾನು ಆಡಬಾರದ ಮಾತು ಆಡಿದೆ. ಆಡಿದ್ದಕ್ಕೆ ಇಂದಿಗೂ ನನಗೆ ಹೆಮ್ಮೆಯೇ. "ಆಕಳ ನಿಮ್ಮದಲ್ಲರಿ. ನನ್ನ ಬಳುವಳಿ. ಎಲ್ಲಿ ಒಯ್ಯಬೇಕು ಅನ್ನೋದು ನನ್ನ ಮರ್ಜಿ."

ಬಳುವಳಿಯ ಆಕಳ ಮೇಲೆ ಸೊಸೆಯದೇ ಹಕ್ಕು. ಅದು ಅತ್ತೆಗೂ ಗೊತ್ತಿತ್ತು, ಆ ಪದ್ಧತಿ ಹಿಡಿದೇ ಅವರು ನನ್ನನ್ನು ತಂದದ್ದು. ಮಾತು ನಿಂತಿತು. ಒಂದೇ ಒಲೆಯ ಮುಂದೆ ಕೂತು, ಅವರು ರೊಟ್ಟಿ ಬಡಿದರೆ ನಾನು ಬೇಯಿಸುವುದು, ತುಟಿ ಮಾತ್ರ ಬಿಚ್ಚುವುದಿಲ್ಲ. ನಮ್ಮವರು ಯಾರ ಪರವೂ ಮಾತಾಡಲಿಲ್ಲ. ಆಕಳು ಬೆದೆಗೆ ಬರುವ ಹೊತ್ತಿಗೆ ಸುಮ್ಮನೆ ಬಂಡಿ ಹೂಡಿ, "ಸಂತಪುರದಾಗ ಕೆಲಸ ಅದ, ಬರ್ತೀಯೇನು?" ಅಂದರು. ನಾನು ಅವರ ಮೇಲೆ ಅಷ್ಟು ಪ್ರೀತಿ ಪಟ್ಟದ್ದು ಅದೇ ಮೊದಲು.

ಕರು ಹುಟ್ಟುವಾಗ ಅತ್ತೆಯೇ ಓಡಿಬಂದು ಎಳೆದುಕೊಂಡದ್ದು. ಸಿಟ್ಟಿದ್ದರೂ ಹೆರಿಗೆಯ ಹೊತ್ತಿಗೆ ಅವರು ದೂರ ನಿಲ್ಲುವವರಲ್ಲ. ಹೋರಿಗರು. ಸೆರಗಿನಿಂದ ಅದರ ಮುಖ ಒರೆಸಿದರು. ಒಂದು ಕೆನ್ನೆ ಕಪ್ಪು. ತಿರುಗಿಸಿ ನೋಡಿದರು, ಇನ್ನೊಂದೂ ಕಪ್ಪು. ನನ್ನ ಆಕಳಲ್ಲಿ ಅರ್ಧ ಉಳಿದಿದ್ದದ್ದು, ಆ ಬಿಳಿ ಮುಖದ ಹೋರಿಯಲ್ಲಿ ಕಾಣದೆ ಅಡಗಿದ್ದದ್ದು ಎರಡೂ ಸೇರಿ ಪೂರ್ತಿಯಾಗಿತ್ತು. ಕಿವಿಯ ಹಿಂದೆ ಮಾತ್ರ ತಾಯಿಯದೇ ಕೆಂಪು ಮಚ್ಚೆ. ಅತ್ತೆ ಅದನ್ನು ಬೆರಳಿನಿಂದ ಉಜ್ಜಿ ನೋಡಿದರು, ರಕ್ತವಿರಬಹುದೆಂದು. ಹೋಗಲಿಲ್ಲ. "ಇದೊಂದು ಇರದಿದ್ದರ" ಅಂದರು. ತಿಂಗಳುಗಳ ಮೇಲೆ ನನ್ನ ಕಡೆ ನೋಡಿ ಆಡಿದ ಮೊದಲ ಮಾತು ಅದು. ಈ ಸಲ ಸಕ್ಕರೆ ಹಂಚಲಿಲ್ಲ. ನಡಿಗೆ ನೋಡದೆ ಹಂಚುವುದು ಬೇಡ ಎಂದು ನಾನೇ ಅಂದೆ.

ಅದು ಬೆಳೆದು ನೊಗಕ್ಕೆ ಬಂದದ್ದು, ಹೈದರಾಬಾದ್ ರಾಜ್ಯ ಒಡೆದು ಬೀದರ ಮೈಸೂರಿಗೆ ಸೇರುತ್ತದೆ ಎನ್ನುವ ಮಾತು ಕಟ್ಟೆ ಕಟ್ಟೆಯ ಮೇಲೆ ನಡೆದಿದ್ದ ವರ್ಷ. ಅಜ್ಜ ಬಹಳ ಸೊರಗಿದ್ದ. ಮೋಟಕ್ಕೆ ಕಟ್ಟುವ ದಿನ ಊರವರಿಗೆ ಹೇಳಲಿಲ್ಲ. ಜೋಡಿಗೆ ಹಳೆಯ ಎತ್ತೊಂದನ್ನು ಕಟ್ಟಿದ್ದೆವು. ಅತ್ತೆ, ನಾನು ಮೆಣಸಿನ ಗಿಡಗಳ ಸಾಲಿನಲ್ಲಿ ನಿಂತೆವು, ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಅಜ್ಜ ಕೋಲೂರಿಕೊಂಡು ಒಡ್ಡಿನ ಮೇಲೆ ಬಂದು ನಿಂತ.

ಹೋರಿ ಇಳಿಯಿತು. ಚೀಲ ಮೇಲೆ ಬಂದು ಕಾಲುವೆಗೆ ನೀರು ಸುರಿಯಿತು. ನಮ್ಮವರು ಹಿಂದಕ್ಕೆ ಕರೆಯಲು ಬಾಯಿ ತೆರೆದರು, ಮಾತು ಹೊರಗೆ ಬೀಳುವ ಮೊದಲೇ ಹಿಂಗಾಲು ಎದ್ದಿತು. ಗೊರಸಿನ ತುದಿ ನೆಲ ಮುಟ್ಟಿತು. ತಡೆಯಿತು. ಊರಿತು.

ನಾನು ಹೋರಿಯನ್ನು ನೋಡುವುದು ಬಿಟ್ಟು ಅಜ್ಜನನ್ನು ನೋಡಿದೆ. ಕೋಲು ಅಲ್ಲೇ ಬಿದ್ದಿತ್ತು, ಅವನು ಒಡ್ಡು ಇಳಿದು ಬರುತ್ತಿದ್ದ. ನೆಟ್ಟಗೆ ಬಂದು ಮೊಮ್ಮಗನಿಗೆ "ಬಾಜೂ ಸರಿ" ಅಂದ. ಹಗ್ಗದ ಮೇಲೆ ಕೂತ. ಆ ವಯಸ್ಸಿನಲ್ಲಿ ಬಿದ್ದರೆ ಗತಿಯೇನು ಎಂದು ಅತ್ತೆ ಕೂಗಿಕೊಂಡರು, ಅವನಿಗೆ ಕೇಳಿಸಲಿಲ್ಲ. ಗಂಟಲಿನಿಂದ ಹಾಡು ಬಂತು, ಒಡೆದ ದನಿ, ಅರ್ಧ ಕಫ. ಆ ಮನೆಗೆ ಬಂದ ಮೇಲೆ ಅವನು ಹಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಹೋರಿ ಇಳಿಯಿತು, ಏರಿತು, ಮತ್ತೆ ಇಳಿಯಿತು. ಮೆಣಸಿನ ಮಡಿ ತುಂಬಿ ನೀರು ನಮ್ಮ ಪಾದಕ್ಕೆ ಬಂದರೂ ನಾವಿಬ್ಬರೂ ಅದನ್ನು ಮುಂದಿನ ಮಡಿಗೆ ತಿರುಗಿಸಲಿಲ್ಲ.

ಸಾಕಾದ ಮೇಲೆ ಇಳಿದು ಹೋರಿಯ ಮುಂದೆ ನಿಂತ. ಬಿಳಿ ಹಣೆಯ ಮೇಲೆ, ಮುದಿ ಆಕಳಿಗೆ ಕಲ್ಲು ಬಡಿದಿದ್ದ ಜಾಗದಲ್ಲಿ, ಅಂಗೈ ಇಟ್ಟ. "ಬಂದೀ?" ಅಂದ. ಅಷ್ಟೇ. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅತ್ತೆ ಹತ್ತಿರ ಹೋಗಿ ಕಣ್ಣೊರೆಸಿಕೊಳ್ಳುತ್ತ, "ಮಾವೋರ, ಆ ಕೆಂಪೊಂದು ಉಳೀತರಿ. ನೋಡಿ ನೋಡಿ ಕೂಡಿಸಿದ್ರ ಮುಂದಿನ ಸೂಲಿಗಿ ಹೋಗ್ತದ" ಅಂದರು.

"ಯಾಕ ಹೋಗಬೇಕವ್ವಾ?" ಅಂದ ಅಜ್ಜ. ಹೋರಿಯ ಕಿವಿ ಎತ್ತಿ ಮಚ್ಚೆಯನ್ನು ಸವರಿದ, ಆಮೇಲೆ ನನ್ನ ಕಡೆ ನೋಡಿದ. "ನಾ ಕಲ್ಲು ಒಗದು ಕಳಿಸಿದ್ದು ಇದು. ಎಕಂಬಾದ ಹಾದಿ ಹಿಡದು ಮನಿಗಿ ಬಂದಾದ. ಹಾದಿ ಗುರುತು ಇರ್ಲಿ."

ಅದು ಇದೆ. ಆ ಹೋರಿಯ ಸಂತತಿ ಇಂದು ಭಾಲ್ಕಿ, ಔರಾದ ಎರಡೂ ಕಡೆ ಹರಡಿದೆ. ದನ ಬಲ್ಲವರು ಸಂತೆಯಲ್ಲಿ ಕರಿಮಾರಿ ಕಂಡರೆ ಮೊದಲು ಕಿವಿ ಎತ್ತಿ ನೋಡುತ್ತಾರೆ. ಕೆಂಪಿದ್ದರೆ ಹಲಬರ್ಗಾದ್ದು ಎಂದು ಒಪ್ಪುತ್ತಾರೆ, ಇಲ್ಲದಿದ್ದರೆ ಮುಖ ಎಷ್ಟೇ ಚಂದವಿರಲಿ, ಮುಂದೆ ನಡೆಯುತ್ತಾರೆ. ಹಲಬರ್ಗಾದ್ದು ಎಂದು ಅವರು ಅಂದಾಗೆಲ್ಲ ನಾನು ಬಾಯಿಬಿಟ್ಟು ತಿದ್ದುತ್ತೇನೆ, ಆ ಕೆಂಪು ಎಕಂಬಾದ್ದು, ನಾನು ತಂದದ್ದು ಎಂದು. ವಯಸ್ಸಾದ ಮೇಲೂ ಈ ಹೆಮ್ಮೆ ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಆ ದಿನ ಹೊಲದಿಂದ ಮನೆಗೆ ಬಂದಾಗ ಅಜ್ಜ ಕಟ್ಟೆಗೆ ಹೋಗಲಿಲ್ಲ. ಹೋರಿಯ ಹಗ್ಗ ತಾನೇ ಹಿಡಿದು ಕೊಟ್ಟಿಗೆಯೊಳಗೆ ಹೋದ, ತಲೆಬಾಗಿಲಿಗೆ ಹಣೆ ತಾಕದಂತೆ ಬಗ್ಗುವುದು ಅವನ ಮೈಗೆ ನೆನಪಿತ್ತು. ಒಳಗಿಂದಲೇ ಕೂಗಿದ: "ತಂಗಿ, ಚಾ ತಾ. ಹಾಲು ಹಾಕು."

ನನ್ನ ಆಕಳು ಮತ್ತೆ ಈದಿತ್ತು. ಅದರ ಹಾಲು ಕಾಸಿದೆ. ಎಷ್ಟು ಹಾಕಿದೆನೋ ತಿಳಿಯಲಿಲ್ಲ. ಕೊಟ್ಟಿಗೆಯಲ್ಲಿ ಹೋರಿಯ ಪಕ್ಕ ಕೂತಿದ್ದ ಅಜ್ಜ ಬಟ್ಟಲು ತಗೊಂಡು ಒಳಗೆ ನೋಡಿದ.

"ಇದರಾಗ ಚಾ ಎಲ್ಲದ?"

"ಚಾ ಇಷ್ಟು ವರ್ಷ ಕುಡದಿ ಅಜ್ಜಾ. ಇವತ್ತು ಇದನ್ನ ಕುಡಿ."

ಒಂದೇ ಉಸಿರಿಗೆ ಕುಡಿದ. ಮೀಸೆಯ ಮೇಲೆ ಕೆನೆ ಹತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ, ನನ್ನ ಕಡೆ ಒಮ್ಮೆ ನೋಡಿ, ಬರಿದಾದ ಬಟ್ಟಲನ್ನು ಮತ್ತೆ ಮುಂದೆ ಚಾಚಿದ.